ಮೂರನೇ ಭಾಗದ ರಾಣಿ

ಪುಸ್ತಕ ಬರೆದವನ ಮೇಲೆ ನನಗೀಗ ಸಿಟ್ಟಿಲ್ಲ. ಮೊದಲು ಇತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಆ ಸಿಟ್ಟು ಹೋಗಬೇಕಾದ ಕಡೆಗೇ ಹೋಯಿತು.

ಆ ರಾಜ-ರಾಣಿ ಕತೆಪುಸ್ತಕದ ಮೂರನೇ ಭಾಗ ತಂದುಕೊಟ್ಟವಳು ನನ್ನ ನಾದಿನಿ. "ಅಣ್ಣ ಕಳಿಸಿದ್ದಾನೆ ಅತ್ತಿಗೆ. ಗುರುತಿಟ್ಟಿರೋ ಪುಟ ಓದಬೇಕಂತೆ. ಭಾನುವಾರ ಅವನೇ ಬರ್ತಾನೆ, ಇಲ್ಲ ಅನ್ನಬೇಡಿ" ಎಂದಳು. ಆರು ವರ್ಷದ ಹಿಂದೆ ಹೇಳದೆ ಕೇಳದೆ ಮನೆ ಬಿಟ್ಟುಹೋಗಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ ನನ್ನ ಗಂಡ ಮಹಾನುಭಾವ, ಅಲ್ಲಿ ಬೇಳೆ ಬೇಯದೆ ಈಗ ವಾಪಸು ಬರಬೇಕಂತೆ. ಬಾಯಿಬಿಟ್ಟು ಕೇಳೋಕೆ ಮುಖ ಇಲ್ಲ, ಪುಸ್ತಕ ಕಳಿಸಿದ್ದಾನೆ!

ನಾವಿಬ್ಬರೂ ಟೈಲರುಗಳು. ಅವನು ಬಟ್ಟೆ ಕತ್ತರಿಸುತ್ತಿದ್ದ, ನಾನು ಹೊಲಿಯುತ್ತಿದ್ದೆ. ಕತ್ತರಿ ಕೆಲಸ ಬೇಗ ಮುಗಿಯುತ್ತೆ, ಹೊಲಿಗೆ ಮುಗಿಯೋದಿಲ್ಲ. ಹಾಗಾಗಿ ಸಂಜೆ ಅವನು ಕಟಿಂಗ್ ಟೇಬಲ್ ಮೇಲೆ ಕೂತು ಕತೆ ಓದುತ್ತಿದ್ದ, ನಾನು ಮೆಷಿನ್ ತುಳಿಯುತ್ತಾ ಕೇಳುತ್ತಿದ್ದೆ. ನನಗೆ ಓದಲು ಬರದೆ ಅಲ್ಲ, ಕೈ ಖಾಲಿ ಇರದೆ. ಮೊದಲೆರಡು ಭಾಗ ಮುಗಿದದ್ದು ಹೀಗೆ. ನೆರಳಿನ ಸೈನ್ಯದ ಮೇಲೆ ದಂಡೆತ್ತಿ ಹೋದ ರಾಜ, ಕೋಟೆಯಲ್ಲಿ ಕಾಯೋ ರಾಣಿ. ಏನು ಓದ್ತಿದ್ದ ಅಂತೀರಿ! ಕತ್ತಿಗೆ ಕತ್ತಿ ತಾಗಿದಾಗ ನನ್ನ ಕಾಲು ಪೆಡಲ್ ಮೇಲೇ ನಿಂತುಬಿಡ್ತಿತ್ತು. ಆ ದನಿಗೆ ನಾನು ಸೋತಿದ್ದೆ. ಈಗ ಬಂದು ನಿಂತರೂ ಸೋತುಬಿಡ್ತೀನೇನೋ ಅನ್ನೋದೇ ನನ್ನ ಭಯ.

ಗುರುತಿಟ್ಟ ಪುಟ ತೆಗೆದೆ. ಮಾಟಗಾತಿಯ ಮನೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ರಾಜ ಸೋತು ಸುಣ್ಣವಾಗಿ ಕೋಟೆಗೆ ಬರುತ್ತಾನೆ. ರಾಣಿ ಒಂದು ಮಾತೂ ಆಡದೆ ಬಾಗಿಲು ತೆಗೆಸುತ್ತಾಳೆ. ಅರ್ಧ ಪುಟ, ಅಷ್ಟೇ! ಮೈಯೆಲ್ಲ ಉರಿದುಹೋಯಿತು. ಇವಳಿಗೇನು ಬಾಯಿ ಬಿದ್ದುಹೋಗಿತ್ತಾ? ಕಾದಿದ್ದು ಬಿಟ್ಟು ಇವಳು ಮಾಡಿದ್ದಾದರೂ ಏನು? ಬರೆದವನಿಗೆ ಹಿಡಿಶಾಪ ಹಾಕಿದೆ.

ಬೈಯೋದಕ್ಕಾದರೂ ಪೂರ್ತಿ ಓದೋಣ ಅಂತ ಮೊದಲ ಪುಟದಿಂದ ಕೂತೆ. ತಲೆಬುಡ ತಿಳಿಯಲಿಲ್ಲ. ರಾಣಿ ತೋಡಿಸಿದ ಕಾಲುವೆಯಂತೆ, ರಾಣಿ ಅಡಗಿಸಿದ ದಂಗೆಯಂತೆ. ಯಾವ ಕಾಲುವೆ, ಯಾವ ದಂಗೆ? ಅಟ್ಟದಿಂದ ಹಳೆಯ ಭಾಗಗಳನ್ನು ಇಳಿಸಿ ನೋಡಿದರೆ ಎಲ್ಲ ಅಲ್ಲೇ ಇದೆ. ಒಂದು ಬಿಟ್ಟು ಒಂದು ಅಧ್ಯಾಯ ಅವಳದ್ದೇ. ಬರಗಾಲ, ದಂಗೆ, ಕೂಸಿನ ಜ್ವರ. ಒಂದನ್ನೂ ನಾನು ಕೇಳಿಲ್ಲ. ಪುಣ್ಯಾತ್ಮ ಎಲ್ಲವನ್ನೂ ಹಾರಿಸಿ ಓದಿದ್ದ! ಹೊಲಿಯಬೇಕಿದ್ದ ಬಟ್ಟೆ ರಾಶಿಯ ಮೇಲೆ ಕೂತು ಅತ್ತುಬಿಟ್ಟೆ. ಅವನು ಬಿಟ್ಟುಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಭಾನುವಾರ ಬಂದ. ಹೊಸ ಶರ್ಟು, ಕಾಲರನ್ನು ಯಾರೋ ಸೊಟ್ಟಗೆ ಕೂರಿಸಿದ್ದರು. ಹೊಸ್ತಿಲಾಚೆ ನಿಂತು, "ಓದಿದೆಯೇನೇ?" ಅಂದ.

"ಓದಿದೆ. ಹಿಂದಿನದ್ದೂ ಓದಿದೆ. ರಾಣಿಯ ಕತೆ ನನಗ್ಯಾಕ್ರೀ ಓದಿ ಹೇಳಲಿಲ್ಲ?"

ನಕ್ಕುಬಿಟ್ಟ. "ಅಯ್ಯೋ, ಅದರಲ್ಲೇನಿತ್ತೇ? ಬರೀ ಮನೆ ಗೋಳು. ಕತೆ ಮುಂದಕ್ಕೇ ಹೋಗಲ್ಲ."

"ಈ ಭಾಗದಲ್ಲೂ ಹಾರಿಸಿದ್ರಾ?"

"ಹೂಂ ಮತ್ತೆ. ಅವಳು ಬಾಗಿಲು ತೆಗೆಸಿದಳಲ್ಲ, ಅದು ಮುಖ್ಯ. ನೀನೂ ದೊಡ್ಡ ಮನಸ್ಸು ಮಾಡು ಕಣೆ."

ಹಾಳಾದ ದನಿ, ಒಂದಿಷ್ಟೂ ಬದಲಾಗಿರಲಿಲ್ಲ. ಒಂದು ಗಳಿಗೆ ನನ್ನ ಕೈ ಚಿಲಕದ ಮೇಲೆ ಸಡಿಲವಾಯಿತು.

"ಮುಂದಿನ ಅಧ್ಯಾಯ ಅವಳದ್ದು ರೀ. ಬಾಗಿಲು ತೆಗೆಸಿದ್ದು ಅವನು ಒಳಗೆ ಬರಲಿ ಅಂತಲ್ಲ. ಬೀಗದ ಕೈ ಅವನ ಕೈಗೆ ಹಾಕಿ, ಮಗುವನ್ನು ಎತ್ತಿಕೊಂಡು ಹೊರಟುಹೋಗ್ತಾಳೆ. ಅವನು ಬರಲಿ ಅಂತಲೇ ಕಾದಿದ್ದು, ಕೋಟೆ ಒಪ್ಪಿಸಿ ಹೋಗೋಕೆ" ಎಂದು ಪುಸ್ತಕ ಅವನ ಮುಂದೆ ಹಿಡಿದೆ.

ಗಡಿಬಿಡಿಯಿಂದ ಪುಟ ತಿರುವಿದ. ತುಟಿ ಅಲ್ಲಾಡಿಸುತ್ತಾ ಓದಿದ. ಮುಖ ಕಪ್ಪಿಟ್ಟಿತು.

"ಇದೇನೇ ಇದು! ಹೀಗೆ ಹೋಗಿಬಿಟ್ಟರೆ ಇವನ ಗತಿ ಏನು?"

ಅವಳ ಗತಿ ಏನು ಅಂತ ಕೇಳಿದ್ದರೆ ಒಳಗೆ ಕರೆದುಬಿಡ್ತಿದ್ದೆ, ದೇವರಾಣೆ. ಬಾಗಿಲು ಹಾಕಿಕೊಂಡೆ.