ಎಂಟನೆಯ ವಿಭಕ್ತಿ

ಏಳೂ ಸರಿಯಿದ್ದವು. ಎಂಟನೆಯದು ಖಾಲಿ.

ಅವನು ಕೆಂಪು ಪೆನ್ಸಿಲನ್ನು ಹಾಳೆಯ ಮೇಲೆ ಎತ್ತಿ ಹಿಡಿದೇ ಇದ್ದ. ತಪ್ಪಿದ್ದರೆ ಸುತ್ತು ಹಾಕಬಹುದಿತ್ತು. ಏನೂ ಬರೆಯದ ಕಡೆ ಏನನ್ನು ತಿದ್ದುವುದು? ಇಪ್ಪತ್ತು ವರ್ಷದಿಂದ ಪ್ರಕಾಶಕರಿಗೆ ಕರಡು ತಿದ್ದಿಕೊಟ್ಟು ಬದುಕುತ್ತಿದ್ದವನಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ.

"ಇದನ್ಯಾಕೆ ಬಿಟ್ಟೆ?"

ಮೇಜಿನ ಆಚೆ ಬದಿಯಲ್ಲಿ ಹನ್ನೆರಡು ವರ್ಷದ ಮಗಳು ರಬ್ಬರಿನ ಪುಡಿಯನ್ನು ಬೆರಳಿನಿಂದ ಗುಡ್ಡೆ ಮಾಡುತ್ತಿದ್ದಳು.

"ಮರೆತೆ."

"ಬೇರೆದಕ್ಕೆಲ್ಲ ಬರೆದಿದ್ದೀಯಲ್ಲ."

"ಹ್ಞೂಂ."

ಬರೆದಿದ್ದಳು. ಐದು ಪದ ಕೊಟ್ಟು, ಒಂದೊಂದನ್ನೂ ಎಂಟು ವಿಭಕ್ತಿಯಲ್ಲಿ ಬರೆ, ಕೊನೆಯ ಪದಕ್ಕೆ ವಾಕ್ಯವನ್ನೂ ಮಾಡು ಎಂದಿದ್ದ. ಎಂಟನೆಯದು ಸಂಬೋಧನೆ, ಯಾರನ್ನಾದರೂ ಕರೆಯುವಾಗಿನ ರೂಪ. ಅರಸನೇ, ಗೆಳತಿಯೇ, ಮರವೇ, ಕಾಗೆಯೇ. ಮರವನ್ನೂ ಕಾಗೆಯನ್ನೂ ಬಿಡದೆ ಕರೆದಿದ್ದಳು ಹುಡುಗಿ. ಕೊನೆಯ ಪದ 'ಅಪ್ಪ'.

ನಾಳೆ ಹತ್ತು ಗಂಟೆಗೆ ಶಾಲೆಯೊಂದರಲ್ಲಿ ಪರೀಕ್ಷೆ. ಎರಡು ವರ್ಷದಿಂದ ಬೇರೆ ಊರಿನಲ್ಲಿರುವ ಹೆಂಡತಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ನಿನ್ನ ಪಾಠ ನೀನೇ ಮೆಚ್ಚಿಕೊಂಡಿದ್ದು ಸಾಕು. ಹೊರಗಿನವರು ಒಂದ್ಸಲ ನೋಡ್ಲಿ. ಏಳನೇ ಕ್ಲಾಸಿನ ಮಟ್ಟ ಇದೆ ಅಂದ್ರೆ ನಿನ್ನ ಹತ್ರಾನೇ ಇರ್ಲಿ. ಇಲ್ಲ ಅಂದ್ರೆ ಅಲ್ಲಿಂದ ಹಾಗೇ ಕರ್ಕೊಂಡು ಬಂದ್ಬಿಡ್ತೀನಿ."

ಅಂದೇ ಅವನು 'ಕಲಿಕೆಯ ಕೊರತೆಗಳು' ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದ. ಒತ್ತಕ್ಷರ. ಸಾರಾಂಶ. ಲೇಖನ ಚಿಹ್ನೆ. ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳುವುದು. ಎರಡು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಕಲಿಸಿ ಒಂದೊಂದನ್ನೇ ಹೊಡೆದುಹಾಕಿದ್ದ. ಸ್ವಂತ ಮಾತಿನದು ಮಾತ್ರ ಅರ್ಧ ಹೊಡೆದು ನಿಂತಿತ್ತು. ಕೇಳಿದರೆ ಅವಳು ಅವನದೇ ಮಾತನ್ನು ಅವನಿಗೆ ಒಪ್ಪಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಶಾಲೆ ಬಿಡಿಸಿದವನು ಅವನೇ. ಟೀಚರು ಅಂಕಪಟ್ಟಿಯ ಕೆಳಗೆ 'ಬುದ್ಧಿವಂತ ವಿಧ್ಯಾರ್ಥಿನಿ. ತುಂಬಾ ಮಾತಾಡುತ್ತಾಳೆ' ಎಂದು ಬರೆದಿದ್ದರು. ತನ್ನ ಪಾಡಿಗೆ ತಾನಿದ್ದ 'ದ'ದ ಹೊಟ್ಟೆ ಸೀಳಿಟ್ಟಿದ್ದರು. ಅವನ ಪಿತ್ತ ನೆತ್ತಿಗೇರಿತು. ಅಕ್ಷರ ಬಾರದವರ ಕೈಗೆ ಮಗಳನ್ನು ಕೊಡುವುದುಂಟೆ? ಆ ಎರಡು ವಾಕ್ಯಗಳಲ್ಲಿ ಇನ್ನೇನಿತ್ತು ಎಂದು ಅವನು ಈವರೆಗೆ ಓದಿರಲಿಲ್ಲ.

ಈಗ ಹಾಳೆಯಲ್ಲಿ ಮಗಳು ಬರೆದ ವಾಕ್ಯಗಳನ್ನು ಓದಿದ.

ಅಪ್ಪನು ತಿದ್ದುತ್ತಾನೆ. ಅಪ್ಪನನ್ನು ಅಮ್ಮ ಕೇಳಿದಳು. ಅಪ್ಪನಿಂದ ಪೆನ್ಸಿಲು ಮುರಿಯಿತು. ಅಪ್ಪನಿಗೆ ತಪ್ಪು ಕಾಣುತ್ತದೆ. ಅಪ್ಪನ ದೆಸೆಯಿಂದ ನಾನು ಶಾಲೆಯನ್ನು ಬಿಟ್ಟೆನು. ಅಪ್ಪನ ಕನ್ನಡಕ ಮೇಜಿನ ಮೇಲಿದೆ. ಅಪ್ಪನಲ್ಲಿ ಸಿಟ್ಟು ಇಲ್ಲ.

'ದೆಸೆಯಿಂದ' ಎಂದು ಈ ಕಾಲದಲ್ಲಿ ಯಾವ ಮಗು ಬರೆಯುತ್ತದೆ? ಅವನಿಗೆ ಹೆಮ್ಮೆಯಾಯಿತು. ಏಳು ಸರಿ ಗುರುತು ಹಾಕಿದ. ಐದನೆಯದಕ್ಕೆ ಹಾಕುವಾಗ ಕೈ ಒಂದು ಕ್ಷಣ ತಡೆಯಿತು, ಆದರೆ ವಾಕ್ಯದಲ್ಲಿ ದೋಷವಿರಲಿಲ್ಲ.

ಸಂಬೋಧನೆ ಪ್ರತ್ಯೇಕ ವಿಭಕ್ತಿಯೇ ಅಲ್ಲ, ಪ್ರಥಮೆಯ ಇನ್ನೊಂದು ರೂಪ ಅಷ್ಟೆ ಎನ್ನುವ ವ್ಯಾಕರಣಕಾರರೂ ಇದ್ದಾರೆ. ಹಾಗೆ ನೋಡಿದರೆ ಅವಳದು ಪೂರ್ತಿ ಸರಿ. ಅವನು ಎದ್ದು ನೀರು ಕುಡಿದು ಬಂದ. ಸಮಾಧಾನವಾಗಲಿಲ್ಲ.

ಹನ್ನೊಂದಕ್ಕೆ ಫೋನು ಬಂತು. ಮಗಳು ಅದನ್ನೆತ್ತಿಕೊಂಡು ಅಡುಗೆಮನೆಗೆ ಓಡಿದಳು.

"ಅಮ್ಮಾ!"

ಅವನ ಕಿವಿ ನಿಮಿರಿತು. ಆ 'ಮಾ' ದೀರ್ಘವೂ ಅಲ್ಲ, ಅದಕ್ಕಿಂತ ಉದ್ದ. ದೂರದವರನ್ನು ಕರೆಯುವಾಗಿನ ಪ್ಲುತ. ಕಳೆದ ವಾರ ಅದನ್ನು ಕಲಿಸಲು ಅರ್ಧ ದಿನ ಹಿಡಿದಿತ್ತು.

"ಹ್ಞೂಂ ಅಮ್ಮಾ... ತುಂಬ್ಕೊಂಡೆ. ಸ್ವೆಟರ್ ಕೂಡ... ಇಲ್ಲ, ಅವ್ರಿಗೆ ಹೇಳಿಲ್ಲ."

ಅವ್ರಿಗೆ. ಬಹುವಚನ, ಚತುರ್ಥೀ ವಿಭಕ್ತಿ ಎಂದು ತಲೆ ತನ್ನಷ್ಟಕ್ಕೆ ತಾನೇ ಗುರುತಿಸಿತು.

ಅವಳು ಬಂದು ಕೂತಳು.

"ಏನು ತುಂಬ್ಕೊಂಡೆ?"

"ಬಟ್ಟೆ."

"ಪಾಸಾದ್ರೆ ಎಲ್ಲಿಗೂ ಹೋಗ್ಬೇಕಾಗಿಲ್ಲ."

"ಗೊತ್ತು."

"ಪಾಸಾಗ್ತೀಯ ತಾನೆ?"

"ಮುಂದಿನ ಪಾಠ ಯಾವುದು?"

ಊಟದ ಹೊತ್ತಿನಲ್ಲೂ ಅವನು ಅದನ್ನೇ ಹುಡುಕುತ್ತಿದ್ದ. ಕೊನೆಯ ಸಲ ತನ್ನನ್ನು ಯಾವಾಗ ಕರೆದಿದ್ದಳು? 'ಉಪ್ಪು ಬೇಕು' ಎನ್ನುತ್ತಿದ್ದಳು. 'ಬರೆದಾಯ್ತು' ಎನ್ನುತ್ತಿದ್ದಳು. ಸಂಬೋಧನೆಯಿಲ್ಲದ ವಾಕ್ಯಗಳು. ನೆನಪಾಗಿದ್ದು ಶಾಲೆಯ ಗೇಟು: ಬ್ಯಾಗು ಒಂದು ಹೆಗಲಿಗೆ ಜೋತುಬಿದ್ದು, ನೂರು ಮಕ್ಕಳ ನಡುವಿನಿಂದ ಅವಳು ಕೂಗಿಕೊಂಡು ಓಡಿಬರುತ್ತಿದ್ದುದು. ಎರಡು ವರ್ಷ. ಅವನಿಗೆ ಭಯವಾಯಿತು.

"ಅದೊಂದನ್ನ ತುಂಬು," ಎಂದು ಹಾಳೆಯನ್ನು ಮತ್ತೆ ಅವಳ ಮುಂದಿಟ್ಟ. "ನಾಳೆ ಕೇಳಿದ್ರೂ ಕೇಳಬಹುದು."

ಅವಳು ಖಾಲಿ ಜಾಗವನ್ನು ನೋಡಿದಳು.

"ಅದು ಕರೆಯೋಕೆ ತಾನೆ?"

"ಹೌದು."

"ನೀವು ಯಾವಾಗ್ಲೂ ಎದುರಿಗೇ ಇರ್ತೀರಲ್ಲ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅವನು ಬೈದು ಹಗುರಾಗುತ್ತಿದ್ದ.

ನಾಲ್ಕು ಗಂಟೆಗೆ ಒಂದು ಉಪಾಯ ಹೊಳೆಯಿತು. ಓದಿಗೆ ಒಂದು ಪುಟ ಆರಿಸಿ, ಅವಳಿಗೆ ಬಾರದ ಎರಡು ಪದಗಳ ಕೆಳಗೆ ಗೆರೆ ಎಳೆದ. ನಿಘಂಟನ್ನು ಕಂಕುಳಲ್ಲಿ ಇರುಕಿಕೊಂಡ. "ಒಳಗೆ ಕರಡು ನೋಡ್ತಿರ್ತೀನಿ. ಅರ್ಥ ಆಗದಿದ್ರೆ ಕರಿ," ಎಂದು ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ಅವಳಾಗಿಯೇ ಬಾಗಿಲು ತಳ್ಳಿಕೊಂಡು ಬಂದರೆ ಮಾಡಿದ್ದೆಲ್ಲ ವ್ಯರ್ಥ.

ಕರಡಿನ ಮೊದಲ ಸಾಲನ್ನು ಹನ್ನೆರಡು ಸಲ ಓದಿದ. ನಲವತ್ತು ದಾಟಿದ ಗಂಡಸು ಮಗಳ ಜತೆ ಕಣ್ಣಾಮುಚ್ಚಾಲೆ ಆಡುತ್ತಿದ್ದೇನೆ ಎಂದು ನಾಚಿಕೆಯಾಯಿತು. ಅವಳಿಗೆ ಮಾತ್ರ ಇದು ಆಟವೆಂದು ಗೊತ್ತಿಲ್ಲ. ಅಥವಾ ಗೊತ್ತಿತ್ತೋ.

ಹೊರಗೆ ಕುರ್ಚಿ ಸರಿದ ಸದ್ದು. ಹೆಜ್ಜೆಗಳು ಬಾಗಿಲವರೆಗೆ ಬಂದು ನಿಂತವು. ಅವನು ಎದ್ದು, ಸದ್ದಾಗದಂತೆ ಬಂದು, ಬಾಗಿಲಿಗೆ ಕಿವಿಗೊಟ್ಟು ನಿಂತ. ಮರದ ಆಚೆ ಅವಳ ಉಸಿರು ಕೇಳಿಸಿತು. ಕರಿ, ಕರಿ ಎಂದುಕೊಂಡ. ಒಂದೇ ಒಂದು ಸಲ.

ಬಾಗಿಲ ಕೆಳಗಿನ ಸಂದಿಯಿಂದ ಹಾಳೆಯೊಂದು ಒಳಗೆ ಬಂತು.

ಬೆಳಗಿನ ಹಾಳೆ. ಎಂಟನೆಯ ಜಾಗ ತುಂಬಿತ್ತು. ದುಂಡನೆಯ ಅಕ್ಷರ, ಅಲ್ಪವಿರಾಮ, ಕೊನೆಗೆ ಪೂರ್ಣವಿರಾಮ: 'ಅಪ್ಪಾ, ಬಾಗಿಲು ತೆಗೆ.'

ಅವನು ನೆಲದ ಮೇಲೆ ಕೂತು ಓದಿದ. ಮತ್ತೆ ಓದಿದ. ಕೈ ಜೇಬಿಗೆ ಹೋಯಿತು, ಕೆಂಪು ಪೆನ್ಸಿಲು ಬಂತು. ಎಂಟನೆಯದಕ್ಕೂ ಸರಿ ಗುರುತು ಹಾಕಿ, ಮೇಲ್ಗಡೆ ಎಂಟಕ್ಕೆ ಎಂಟು ಎಂದು ಬರೆದು, ಹಾಳೆಯನ್ನು ಬಂದ ದಾರಿಯಲ್ಲೇ ಆಚೆಗೆ ತಳ್ಳಿದ.

ಅದನ್ನು ಯಾರೂ ಎಳೆದುಕೊಳ್ಳಲಿಲ್ಲ. ಹೆಜ್ಜೆಗಳು ಆಗಲೇ ದೂರ ಹೋಗಿದ್ದವು. ಅರ್ಧ ಒಳಗೆ, ಅರ್ಧ ಹೊರಗೆ ಹಾಳೆ ಬಾಗಿಲಡಿಯಲ್ಲಿ ಸಿಕ್ಕಿಕೊಂಡಿತ್ತು. ಅಂಕಗಳು ಆ ಕಡೆ ಹೋಗಿದ್ದವು. ಕೊನೆಯ ಸಾಲು ಮಾತ್ರ ಈ ಕಡೆ ಉಳಿದಿತ್ತು.