ಸುದ್ದಿ ಇಲ್ಲದವರ ಖಾನೆ

ನಾನು ಕಾರ್ಡು ಇಡುವ ಒಂದು ಕಬ್ಬಿಣದ ಕಪಾಟು. ಹುಬ್ಬಳ್ಳಿಯ ಶೆಡ್ಡೊಂದರಲ್ಲಿ ತಗಡು ಬಡಿದು, ಬೂದಿ ಬಣ್ಣ ಹೊಡೆದು ನನ್ನನ್ನು ಮಾಡಿದರು. ಜೊತೆಗೆ ಹುಟ್ಟಿದವರೆಲ್ಲ ಮದುವೆಮನೆ ಸೇರಿ ರೇಷ್ಮೆ ಸೀರೆ ಇಟ್ಟುಕೊಂಡರು. ನನ್ನ ಪಾಲಿಗೆ ಬಂದದ್ದು ಕ್ಯಾನ್ಸರ್ ಆಸ್ಪತ್ರೆ.

ಆಗ ಡಾಕ್ಟರ್ ಹೆರೂರರಿಗೆ ತಲೆತುಂಬ ಕೂದಲು, ಮೈತುಂಬ ಹುರುಪು. ತಂಬಾಕು ಜಗಿದು ಬಾಯಿ ಕ್ಯಾನ್ಸರಾದವರಿಗೆ ದವಡೆಯನ್ನೇ ತೆಗೆಯುವುದು ರೂಢಿಯಾಗಿತ್ತು. ಮುಖ ಕೆಡದಂತೆ ದವಡೆ ಉಳಿಸಿ ಗಡ್ಡೆಯಷ್ಟೇ ತೆಗೆಯುವ ಬಗೆಯೊಂದನ್ನು ಇವರು ಕಂಡುಹಿಡಿದರು. ಮನೆಗೆ ಹೊರಟ ರೋಗಿಗೆ ಆಸ್ಪತ್ರೆಯ ವಿಳಾಸ ಬರೆದ ಹತ್ತು ಅಂಚೆ ಕಾರ್ಡು ಕೊಟ್ಟು, ಆರು ತಿಂಗಳಿಗೊಮ್ಮೆ ಯಾರಿಂದಲಾದರೂ ಬರೆಸಿ ಹಾಕಿ ಎನ್ನುತ್ತಿದ್ದರು. ನನ್ನ ಮೇಲಿನ ಖಾನೆ ಬದುಕಿದವರದು, ನಡುವಿನದು ತೀರಿಕೊಂಡವರದು, ಕೆಳಗಿನದು ಸುದ್ದಿ ಇಲ್ಲದವರದು.

ಮೊದಮೊದಲು ಕೆಳಗಿನ ಖಾನೆಗೆ ಒಂದು ಹೆಸರು ಬಿದ್ದರೂ ಡಾಕ್ಟರಿಗೆ ಊಟ ಸೇರುತ್ತಿರಲಿಲ್ಲ. ಭಾನುವಾರ ಬಸ್ಸು ಹತ್ತಿ ಆ ಊರಿಗೇ ಹೋಗಿ ವಿಚಾರಿಸಿ ಬರುತ್ತಿದ್ದರು. ಆಮೇಲೆ ಹೆಸರು ಬಂತು, ಪ್ರೊಫೆಸರ್ ಹುದ್ದೆ ಬಂತು, ಪುರುಸೊತ್ತು ಹೋಯಿತು. ತಮ್ಮ ಹೊಸ ಬಗೆಯ ಕುರಿತು ವೈದ್ಯಕೀಯ ಪತ್ರಿಕೆಗೆ ಸಂಶೋಧನಾ ಪ್ರಬಂಧ ಕಳಿಸುವ ಹೊತ್ತಿಗೆ ಆ ಖಾನೆಯಲ್ಲಿ ನಲವತ್ತೊಂದು ಜನ ಇದ್ದರು.

"ಇವರನ್ನ ಯಾವುದರಾಗ ಹಿಡೀಲ್ರಿ ಸರ?" ಎಂದು ದಾಖಲೆ ನೋಡಿಕೊಳ್ಳುವ ರತ್ನಾಬಾಯಿ ಕೇಳಿದರು.

"ಸತ್ತಿದ್ರ ಮನಿಯವರು ತಿಳಸ್ತಿದ್ರಲ್ರೀ ಬಾಯಾರ. ಬದುಕಿದವರೊಳಗ ಸೇರಸ್ರಿ."

ನನಗಂತೂ ಬಾಯಿಲ್ಲ. ಬಾಯಿದ್ದ ರತ್ನಾಬಾಯಿಯೂ ನಲವತ್ತೊಂದನ್ನು ಬದುಕಿದವರ ಲೆಕ್ಕಕ್ಕೆ ಬರೆದುಕೊಂಡರು. ಪ್ರಬಂಧ ಅಚ್ಚಾಗಿ, ಊರೂರಿನ ಸರ್ಜನ್ನರು ದವಡೆ ಉಳಿಸತೊಡಗಿದರು. ಹೆರೂರರ ಕೊರಳಿಗೆ ಹಾರದ ಮೇಲೆ ಹಾರ ಬಿತ್ತು. ನನಗೂ ಒಳಗೊಳಗೇ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಹನ್ನೊಂದು ವರ್ಷದ ಮೇಲೆ ನವಲಗುಂದದ ಕಡೆಯ ಕಾಶವ್ವ ಅದೇ ರೋಗ ಹೊತ್ತು ಬಂದಳು.

"ಹೆದರಬ್ಯಾಡವ್ವ, ದವಡಿ ಉಳಸ್ತೀನಿ," ಎಂದರು ಡಾಕ್ಟರು.

"ಬ್ಯಾಡ್ರೀ ಯಪ್ಪಾ, ತಗದ್ಬಿಡ್ರಿ. ನಮ್ಮವ್ವಂದೂ ನೀವ ಉಳಿಸಿದ್ರಿ. ಎಂಟು ತಿಂಗಳದಾಗ ಗಡ್ಡಿ ತಿರುಗಿ ಅಲ್ಲೇ ಎದ್ದು ಆಕೀನ ತಗೊಂಡು ಹೋತು."

"ಮತ್ತ ನನಗ್ಯಾಕ ತಿಳಸಲಿಲ್ಲ? ಕಾರ್ಡು ಕೊಟ್ಟಿದ್ನಲ್ಲ?"

"ಅಷ್ಟು ಪ್ರೀತೀಲೆ ನೋಡಿಕೊಂಡಿದ್ರಿ. ಸತ್ಲು ಅಂತ ಹೆಂಗ ಬರಸೋದ್ರಿ? ಡಾಕ್ಟರಿಗೆ ಸಂಕಟ ಆಗ್ತದ, ಬ್ಯಾಡ ಅಂದ ನಮ್ಮಪ್ಪ."

ಡಾಕ್ಟರು ನನ್ನ ಮುಂದೆ ನೆಲದ ಮೇಲೆ ಕುಳಿತು ಕೆಳಗಿನ ಖಾನೆ ಎಳೆದರು. ಉಳಿದ ನಲವತ್ತು ಮನೆಗೂ ಸ್ವಂತ ಕೈಯಿಂದ ಕಾಗದ ಬರೆದರು. ಇಪ್ಪತ್ತಾರು ಮನೆಗಳಿಂದ ಗಡ್ಡೆ ತಿರುಗಿ ಎದ್ದು ತೀರಿಕೊಂಡ ಸುದ್ದಿ ಬಂತು. ಕಾಶವ್ವನ ದವಡೆ ತೆಗೆದರು, ಅವಳು ಬದುಕಿದಳು. ತಪ್ಪಾಯಿತೆಂದು ಅದೇ ವೈದ್ಯಕೀಯ ಪತ್ರಿಕೆಗೆ ಬರೆದದ್ದು ಒಂದು ಮೂಲೆಯಲ್ಲಿ ನಾಲ್ಕು ಸಾಲಾಗಿ ಅಚ್ಚಾಯಿತು.

ಈಗ ಕಂಪ್ಯೂಟರು ಬಂದಿದೆ. ನಾನು ಮೆಟ್ಟಿಲ ಕೆಳಗೆ ತುಕ್ಕು ಹಿಡಿಯುತ್ತಿದ್ದೇನೆ. ಅಷ್ಟು ಸಾವುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೆರೆದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ. ನಿವೃತ್ತರಾದ ಡಾಕ್ಟರು ಒಮ್ಮೊಮ್ಮೆ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ. ಮೊನ್ನೆ ಹೊಸದಾಗಿ ಸೇರಿದ ಸರ್ಜನ್ ಒಬ್ಬ ಅವರನ್ನು ಗುರುತು ಹಿಡಿದು ಕಾಲಿಗೆ ಬಿದ್ದ.

"ನಿಮ್ಮ ಪ್ರಬಂಧ ಓದೇ ಕಲಿತೀನ್ರಿ ಸರ. ಇವತ್ತು ಮುಂಜಾನೆನೂ ಒಬ್ಬಾಕಿದು ದವಡಿ ಉಳಿಸಿದೆ."

ಆಶೀರ್ವಾದಕ್ಕೆ ಡಾಕ್ಟರ ಕೈ ಏಳಲಿಲ್ಲ.

"ಆಕಿ ಯಾವ ವಾರ್ಡಿನ್ಯಾಗ ಅದಾಳಪ್ಪ?" ಎಂದು ಕೇಳಿ, ಗೋಡೆ ಹಿಡಿದುಕೊಂಡು ಆ ಕಡೆ ನಡೆದರು.