ಎರಡನೇ ಕ್ಲಾಸಿಗೆ ಯುದ್ಧದ ಪಾಠ ಬೇಕಾ?

ಶಾಲೆಯಿಂದ ಫೋನ್ ಬಂತೆಂದರೆ ಯಾವ ತಾಯಿಗಾದರೂ ಎದೆ ಧಸಕ್ಕೆನ್ನುತ್ತದೆ. ನಮ್ಮ ಬೀದಿಯ ಹೊಲಿಗೆ ಅಕ್ಕನಿಗೂ ಹಾಗೇ ಆಯಿತು. ಶುಕ್ರವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಅಕ್ಕ ಯಾರದೋ ಅಂಗಿಗೆ ಕಾಲರ್ ಕೂರಿಸುತ್ತಿದ್ದಳು. ಫೋನಿನಲ್ಲಿ ಎರಡನೇ ಕ್ಲಾಸಿನ ಟೀಚರ್.

"ನಿಮ್ಮ ಮಗಳು ಪಕ್ಕದ ಹುಡುಗನ ಕೈ ಕಚ್ಚಿದ್ದಾಳೆ. ಸ್ವಲ್ಪ ಬಂದು ಹೋಗ್ತೀರಾ?"

ಅಕ್ಕನಿಗೆ ನಂಬಿಕೆಯಾಗಲಿಲ್ಲ. ಅವಳ ಮಗಳಿಗೆ ಏಳು ವರ್ಷ. ದುಂಡು ಮುಖ, ಹೊಲಿಗೆಯವರ ಮನೆ ಕೂಸು, ಹಾಗಾಗಿ ಬೀದಿಗೆಲ್ಲ ಅವಳು ಗುಂಡಿ. ಅಂಗಿಯ ಗುಂಡಿಯ ಹಾಗೇ ಸದ್ದುಗದ್ದಲ ಇಲ್ಲದ ಮಗು. ಕಚ್ಚುವ ಪೈಕಿ ಅಲ್ಲವೇ ಅಲ್ಲ.

ಹೊಲಿಗೆ ಅಂಗಡಿಯೂ ಆಗಿದ್ದ ಮನೆಯ ಮುಂದಿನ ಕೋಣೆಗೆ ಚಿಲಕ ಹಾಕಿ ಅಕ್ಕ ಶಾಲೆಗೆ ನಡೆದಳು. ಕ್ಲಾಸಿನ ಹೊರಗೆ ಬೆಂಚಿನ ಈ ತುದಿಗೆ ಗುಂಡಿ, ಆ ತುದಿಗೆ ಕಚ್ಚಿಸಿಕೊಂಡ ಹುಡುಗ. ಅವನು ಮುಂಗೈಗೆ ಒದ್ದೆ ಬಟ್ಟೆ ಒತ್ತಿಕೊಂಡು, ಹೋಗಿಬರುವವರಿಗೆಲ್ಲ ಅದನ್ನು ಎತ್ತಿ ಹಲ್ಲಿನ ಗುರುತು ತೋರಿಸುತ್ತಿದ್ದ.

ಟೀಚರ್ ಮುಚ್ಚಿಡದೆ ಹೇಳಿದರು. "ನಿನ್ನೆ ನಾನು ಯುದ್ಧದ ಬಗ್ಗೆ ಪಾಠ ಮಾಡ್ದೆ. ಯುದ್ಧ ಮಾಡೋದು ತಪ್ಪು ಅಂದೆ. ಇವತ್ತು ಇವನು ಗುಂಡಿಗೆ, 'ನಿನ್ನ ಮಾಮ ಸೈನಿಕ, ಹಾಗಾದ್ರೆ ನಿನ್ನ ಮಾಮ ಕೆಟ್ಟವನು' ಅಂದಿದ್ದಾನೆ. ಅದಕ್ಕೇ ಕಚ್ಚಿದ್ದು."

ಗುಂಡಿಯ ಮಾಮ ಎಂದರೆ ಅಕ್ಕನ ಒಬ್ಬನೇ ತಮ್ಮ. ಸೈನ್ಯಕ್ಕೆ ಸೇರಿ ಆರು ವರ್ಷವಾಗಿತ್ತು. ಅಕ್ಕನ ಮುಖ ಕೆಂಪಾಯಿತು. ಆಗಲೇ ಅವಳ ಕಣ್ಣು ಕ್ಲಾಸಿನ ಮೂಲೆಗೆ ಹೋಯಿತು. ಕೋಲಿಗೆ ಅಂಟಿಸಿದ ರಟ್ಟಿನ ಬೋರ್ಡುಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಎಲ್ಲದರ ಮೇಲೂ 'ಯುದ್ಧ ಬೇಡ' ಎಂದು ದಪ್ಪಕ್ಷರ.

"ಇದೇನು ಮಿಸ್?"

"ಮುಂದಿನ ವಾರ ಊರಲ್ಲಿ ಶಾಂತಿ ಮೆರವಣಿಗೆ ಇದೆ. ದೊಡ್ಡ ಕ್ಲಾಸಿನವರೆಲ್ಲ ಹೋಗ್ತಾರೆ. ಇವರೂ ಬರಲಿ ಅಂತ..."

"ಇವರಿಗೆ ಇನ್ನೂ ಶೂ ಲೇಸ್ ಕಟ್ಟೋಕೆ ಬರಲ್ಲ ಮಿಸ್. ಅರ್ಥ ಆಗದ ಬೋರ್ಡನ್ನ ಕೈಗೆ ಕೊಟ್ಟು ಬೀದಿಗೆ ಕರ್ಕೊಂಡು ಹೋಗ್ತೀರಾ?"

"ಶಾಂತಿ ಅಂದ್ರೇನು ಅಂತ ಮಕ್ಕಳಿಗೆ ಗೊತ್ತಾಗಬಾರದಾ?"

"ಗೊತ್ತಾಗೋ ವಯಸ್ಸಿಗೆ ಗೊತ್ತಾಗತ್ತೆ. ಈಗ ಕೂಡೋದು, ಕಳೆಯೋದು ಹೇಳ್ಕೊಡಿ, ಸಾಕು. ಆ ಪಾಠ ನಿಲ್ಲೋವರೆಗೂ ನನ್ನ ಮಗಳನ್ನ ಕಳಿಸಲ್ಲ."

ಇಷ್ಟು ಹೇಳಿ ಅಕ್ಕ ಮಗಳ ಕೈ ಹಿಡಿದು ಮನೆಗೆ ಬಂದಳು.

ಮಧ್ಯಾಹ್ನ ಗಂಡ ಡ್ಯೂಟಿ ಮುಗಿಸಿ ಬಂದ. ಅವನು ಸಿಟಿ ಬಸ್ಸಿನ ಡ್ರೈವರ್. ಬಂದವನೇ ಎಂದಿನಂತೆ ಟೀವಿ ಹಾಕಿ, ವಾರ್ತೆ ನೋಡುತ್ತಾ ಊಟಕ್ಕೆ ಕುಳಿತ. ದೂರದ ಎರಡು ದೇಶಗಳ ನಡುವೆ ತಿಂಗಳಿನಿಂದ ಯುದ್ಧ ನಡೆಯುತ್ತಿತ್ತು. ಅಕ್ಕ ನಡೆದದ್ದನ್ನೆಲ್ಲ ಹೇಳಿದಳು.

"ನೀನು ಮಾಡಿದ್ದೇ ಸರಿ" ಎಂದ ಡ್ರೈವರಣ್ಣ. "ಎಳೆ ಮಕ್ಕಳ ತಲೆಗೆ ಯುದ್ಧ ಯಾಕೆ ತುಂಬಬೇಕು?"

ಅದೇ ಹೊತ್ತಿಗೆ ಪಕ್ಕದ ಮನೆಯ ನರ್ಸಮ್ಮ ಬಂದರು. ಮಕ್ಕಳ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವರು. ಉದ್ದ ಇಳಿಸಲು ಕೊಟ್ಟ ಯೂನಿಫಾರ್ಮ್ ಆಗಿದೆಯಾ ಎಂದು ಕೇಳಲು ಬಂದಿದ್ದರು. ಅಕ್ಕ ಅವರ ಮುಂದೆಯೂ ಕಥೆ ಬಿಚ್ಚಿದಳು.

ನರ್ಸಮ್ಮ ಎಲ್ಲ ಕೇಳಿಸಿಕೊಂಡರು. "ಬೋರ್ಡಿನ ವಿಷಯದಲ್ಲಿ ನಾನು ನಿನ್ನ ಕಡೆ. ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಶಾಲೇಲಿ ಹೇಳದೇ ಇದ್ರೆ ಗುಂಡಿಗೆ ಯುದ್ಧ ಅಂದ್ರೇನು ಅಂತ ಗೊತ್ತಾಗಲ್ಲ ಅನ್ಕೊಂಡಿದ್ದೀಯಾ?"

"ನಮ್ಮ ಮನೇಲಿ ಆ ಮಾತೇ ಇಲ್ಲ ನರ್ಸಮ್ಮ."

"ಮಾತಿಲ್ಲ ಸರಿ. ಅದು?" ನರ್ಸಮ್ಮ ಟೀವಿ ಕಡೆ ಗದ್ದ ಎತ್ತಿ ತೋರಿಸಿದರು. ಪರದೆಯ ಮೇಲೆ ಒಂದು ಎತ್ತರದ ಕಟ್ಟಡ ಧೂಳೆಬ್ಬಿಸುತ್ತಾ ಕುಸಿಯುತ್ತಿತ್ತು.

"ಅವಳೆಲ್ಲಿ ಅದನ್ನ ನೋಡ್ತಾಳೆ? ಮೇಜಿನ ಕೆಳಗೆ ಅವಳಷ್ಟಕ್ಕೆ ಅವಳು ಆಡ್ಕೊಂಡಿರ್ತಾಳೆ."

ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಕೆಳಗೆ, ಚಿಂದಿ ತುಂಬಿದ ಚೀಲಗಳ ನಡುವೆ, ಗುಂಡಿಯ ಜಾಗ. ನರ್ಸಮ್ಮ ಮಂಡಿಯೂರಿ ಬಗ್ಗಿ ನೋಡಿದರು. ಅಲ್ಲಿಂದ ಟೀವಿ ನೇರವಾಗಿ ಕಾಣುತ್ತಿತ್ತು. ಗುಂಡಿಯ ಕೈಯಲ್ಲಿ ಅಮ್ಮ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ. ಗೋಡೆಯ ಮೇಲೆ ಗೆರೆಗಳ ಸಾಲು. ಅವಳು ಆಗಷ್ಟೇ ಇನ್ನೊಂದು ಗೆರೆ ಎಳೆದಿದ್ದಳು.

"ಏನೋ ಲೆಕ್ಕ ಇಟ್ಟಿದ್ದೀಯಲ್ಲ ಮರಿ" ಎಂದರು ನರ್ಸಮ್ಮ.

"ಬಿದ್ದ ಮನೆಗಳು" ಎಂದಳು ಗುಂಡಿ. "ನಲವತ್ತಮೂರು ಆಯ್ತು."

ಡ್ರೈವರಣ್ಣನ ಕೈಯ ತುತ್ತು ತಟ್ಟೆಯಲ್ಲೇ ನಿಂತಿತು. ಅಕ್ಕ ಕತ್ತರಿ ಕೆಳಗಿಟ್ಟು ಬಂದು ಬಗ್ಗಿ ನೋಡಿದಳು. ಟೀವಿಯವರು ತೋರಿಸುತ್ತಿದ್ದದ್ದು ಒಂದೇ ಕಟ್ಟಡ. ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ, ಮಾರನೇ ದಿನವೂ ಅದೇ. ದೊಡ್ಡವರಿಗೆ ಅದು ಗೊತ್ತು. ಏಳು ವರ್ಷದ ಮಗುವಿಗೆ ಪ್ರತಿ ಸಲ ಅದು ಬೇರೆ ಮನೆ, ಬೇರೆ ಜನ.

"ಅದು ಒಂದೇ ಕಟ್ಟಡ ಕಣಮ್ಮ" ಎಂದರು ನರ್ಸಮ್ಮ. "ತಿರುಗಾ ಮುರುಗಾ ಅದನ್ನೇ ತೋರಿಸ್ತಾರೆ."

ಗುಂಡಿ ಗೋಡೆಯ ಗೆರೆಗಳ ಮೇಲೆ ಬೆರಳಾಡಿಸಿದಳು. "ಒಂದೇನಾ? ಹಾಗಾದ್ರೆ ನಮ್ಮ ಬೀದಿಗೆ ಬರೋಕೆ ಇನ್ನೂ ಟೈಮ್ ಇದ್ಯಾ?"

ಕೂಡಲೇ ಇನ್ನೊಂದು ಪ್ರಶ್ನೆ ಕೇಳಿದಳು, ಇನ್ನೂ ಸಣ್ಣ ದನಿಯಲ್ಲಿ. "ಅಮ್ಮ, ಅದನ್ನ ಮಾಮ ಬೀಳಿಸಿದ್ದಾ?"

ಅಕ್ಕ ಮಗಳನ್ನು ಮೇಜಿನ ಕೆಳಗಿನಿಂದ ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಶಾಲೆಯಲ್ಲಿ ಆ ಹುಡುಗ ಆಡಿದ ಮಾತಿಗೆ ಮಗಳಿಗೆ ಅಷ್ಟು ಸಿಟ್ಟು ಯಾಕೆ ಬಂತೆಂದು ಈಗ ತಿಳಿಯಿತು. ಅದೇ ಅನುಮಾನ ಮಗುವಿನ ಹೊಟ್ಟೆಯಲ್ಲಿ ಎಷ್ಟೋ ದಿನದಿಂದ ಕೂತಿತ್ತು. ಡ್ರೈವರಣ್ಣ ಎದ್ದು ಎಡಗೈಯಲ್ಲೇ ಟೀವಿ ಆರಿಸಿದ.

"ನೋಡು" ಎಂದರು ನರ್ಸಮ್ಮ, "ಪಾಠ ಆಗ್ಲೇ ನಡೀತಾ ಇದೆ. ಹೇಳ್ಕೊಡೋರು ಯಾರು ಅನ್ನೋದಷ್ಟೇ ಪ್ರಶ್ನೆ. ಆಸ್ಪತ್ರೇಲಿ ನಾನು ಸೂಜಿ ಬಚ್ಚಿಟ್ಟು ಚುಚ್ಚಿದ್ರೆ ಮಗು ಮುಂದಿನ ಸಲ ನನ್ನ ನೆರಳು ಕಂಡ್ರೂ ಕಿರುಚತ್ತೆ. 'ಚುಚ್ತೀನಿ, ಒಂದು ಚೂರು ನೋಯತ್ತೆ, ಅಮ್ಮ ಇಲ್ಲೇ ಇರ್ತಾಳೆ' ಅಂತ ನಿಜ ಹೇಳಿದ್ರೆ ತಡ್ಕೊಳತ್ತೆ. ಇದೂ ಹಾಗೇ. ಎಷ್ಟು ಬೇಕೋ ಅಷ್ಟು ಹೇಳಬೇಕು. ಆದ್ರೆ ನಿಜ ಹೇಳಬೇಕು."

ಅಕ್ಕನ ಮನಸ್ಸು ಅರ್ಧ ಮಾತ್ರ ಒಪ್ಪಿತು.

ಭಾನುವಾರ ಬೆಳಿಗ್ಗೆ ತಮ್ಮನ ವಿಡಿಯೋ ಕರೆ ಬಂತು. ಅವನ ಹಿಂದೆ ಹಗ್ಗದ ಮೇಲೆ ಯಾರದೋ ಕಾಲುಚೀಲಗಳು ಒಣಗುತ್ತಿದ್ದವು. ಅಕ್ಕ ಶಾಲೆಯ ವಿಷಯ ಹೇಳಿ, ಅವನು ಕೆರಳುತ್ತಾನೆಂದು ಕಾದಳು.

"ಪಾಠ ನಿಲ್ಲಿಸೋಕೆ ಹೇಳಬೇಡ ಅಕ್ಕ" ಎಂದ ಅವನು.

"ನಿನ್ನನ್ನೇ ಕೆಟ್ಟವನು ಅಂದ್ರೂನಾ?"

"ಅರ್ಧ ಪಾಠ ಹೇಳಿದ್ರೆ ಹಾಗೇ ಆಗೋದು. ಈಗ ನಿಲ್ಲಿಸಿದ್ರೆ ಮಕ್ಕಳ ತಲೇಲಿ ಆ ಅರ್ಧಾನೇ ಉಳಿಯತ್ತೆ. ಪೂರ್ತಿ ಹೇಳಿ ಅಂತ ಕೇಳು."

ಗುಂಡಿ ಫೋನ್ ಕಿತ್ತುಕೊಂಡಳು. "ಮಾಮ, ನೀನು ಯಾರ ಮನೆನಾದ್ರೂ ಬೀಳಿಸಿದ್ದೀಯಾ?"

"ಇಲ್ಲ ಪುಟ್ಟ. ನಾನು ಲಾರಿ ಓಡಿಸ್ತೀನಿ. ಊಟದ ಸಾಮಾನು, ಹೊದಿಕೆ ಸಾಗಿಸ್ತೀನಿ. ಆದ್ರೆ ನನ್ನ ಹತ್ರಾನೂ ಬಂದೂಕು ಇದೆ. ಸುಳ್ಳು ಹೇಳಲ್ಲ."

"ಹೊಡೀತೀಯಾ?"

"ಹೊಡೆಯೋ ದಿನ ಬರದೇ ಇರಲಿ ಅಂತ ದಿನಾ ಎದ್ದ ಕೂಡ್ಲೇ ಅನ್ಕೋತೀನಿ. ಇಲ್ಲಿ ಎಲ್ರೂ ಹಾಗೇ ಅನ್ಕೋತಾರೆ."

ಗುಂಡಿ ಯೋಚಿಸಿ ತಲೆಯಾಡಿಸಿದಳು. ಆಮೇಲೆ ಆ ಕಾಲುಚೀಲ ಯಾರದು, ಯಾಕೆ ತೂತು ಬಿದ್ದಿದೆ ಎಂದು ವಿಚಾರಿಸಿದಳು.

ಸೋಮವಾರ ಅಕ್ಕ, ಡ್ರೈವರಣ್ಣ, ನರ್ಸಮ್ಮ ಮೂವರೂ ಶಾಲೆಗೆ ಹೋದರು. ನೀಲಿ ಗೆರೆಗಳ ವಿಷಯ ಕೇಳಿ ಟೀಚರ್ ಮೂವರಿಗೂ ಕುರ್ಚಿ ಎಳೆದು ಹಾಕಿದರು. ಆಮೇಲೆ, ತಾವು ಪಾಠ ಶುರು ಮಾಡಿದ್ದು ಯಾಕೆಂದು ಹೇಳಿದರು.

"ಹೋದ ತಿಂಗಳು ಆಟದ ಬಿಡುವಲ್ಲಿ ಮಕ್ಕಳು ಒಂದು ಹೊಸ ಆಟ ಕಂಡುಹಿಡಿದ್ರು. ಮೂವರು ಕೈ ಹಿಡ್ಕೊಂಡು ಕಟ್ಟಡ ಆಗೋದು. ಮಿಕ್ಕವರು ವಿಮಾನದ ಥರ ಓಡಿ ಬಂದು ಬೀಳಿಸೋದು. ಒಂದು ಮಗುವಿನ ಹಲ್ಲು ಮುರೀತು. ಆಡಬೇಡಿ ಅಂದೆ. ಗೋಡೆ ಹಿಂದೆ ಹೋಗಿ ಆಡಿದ್ರು. ನಾನು ಏನು ಮಾಡಬೇಕಿತ್ತು ಹೇಳಿ?"

ಅಕ್ಕನಿಗೆ ಇದು ಗೊತ್ತಿರಲಿಲ್ಲ. "ನೀವು ಸುಮ್ನಿರೋಕೆ ಆಗ್ತಿರ್ಲಿಲ್ಲ, ಒಪ್ತೀನಿ ಮಿಸ್. ಆದ್ರೆ ಅವಸರ ಮಾಡಿದ್ರಿ. ಯುದ್ಧ ತಪ್ಪು ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ರಿ. ನಮ್ಮಂಥ ಮನೆಯ ಮಕ್ಕಳು ಏನು ಅನ್ಕೋಬೇಕು?"

"ಅದು ನನ್ನ ತಪ್ಪೇ" ಎಂದರು ಟೀಚರ್.

ಒಂದು ಗಂಟೆ ಮಾತು ನಡೆಯಿತು. ಒಮ್ಮೆ ದನಿ ಏರಿತು, ಮತ್ತೆ ಇಳಿಯಿತು. ಕೊನೆಗೆ ಹೀಗಾಯಿತು: ಚಿಕ್ಕ ಕ್ಲಾಸಿನವರ ಕೈಗೆ ಬೋರ್ಡು ಬೇಡ. ದೊಡ್ಡ ಕ್ಲಾಸಿನಲ್ಲಿ ಮನಸ್ಸಿದ್ದವರು ಮನೆಯವರನ್ನು ಕೇಳಿ ಮೆರವಣಿಗೆಗೆ ಹೋಗಲಿ, ಇಲ್ಲದವರನ್ನು ಯಾರೂ ಎಳೆಯಬಾರದು. ಪಾಠ ಮಾತ್ರ ನಡೆಯಲಿ. ಬರುವ ಅಪ್ಪ ಅಮ್ಮಂದಿರು ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು.

ಬುಧವಾರ ಅಕ್ಕ ಆ ಪುಟ್ಟ ಬೆಂಚಿನಲ್ಲಿ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದಳು. ಟೀಚರ್ ಮೊದಲು ಕೇಳಿದ್ದು ಜಗಳ ಯಾಕೆ ಬರುತ್ತದೆ ಎಂದು. ಉತ್ತರಗಳು ಉದುರಿದವು. ಪೆನ್ಸಿಲ್‌ಗೆ. ಕಿಟಕಿ ಸೀಟಿಗೆ. ಅವನು ಮೊದಲು ತಳ್ಳಿದ, ಅದಕ್ಕೆ.

"ದೇಶ ದೇಶಗಳಿಗೂ ಜಗಳ ಬರತ್ತೆ" ಎಂದರು ಟೀಚರ್. "ಮಾತಾಡಿ ಸರಿ ಮಾಡ್ಕೊಂಡ್ರೆ ಒಳ್ಳೇದು. ಮಾತು ಮುರಿದ್ರೆ ಕೆಲವು ಸಲ ಯುದ್ಧ ಆಗತ್ತೆ. ಅದರಲ್ಲಿ ಜನ ಸಾಯ್ತಾರೆ. ಆಗ ಕೆಲವರು ಬೀದಿಗೆ ಬಂದು 'ಇದು ನಮಗೆ ಒಪ್ಪಿಗೆ ಇಲ್ಲ' ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳ್ತಾರೆ. ಅದಕ್ಕೆ ಪ್ರತಿಭಟನೆ ಅಂತಾರೆ. ಯಾರಿಗೂ ಹೊಡೆಯದೆ, ಬಡಿಯದೆ ಹೇಳೋದು. ಇನ್ನು ಕೆಲವರು, 'ನಮ್ಮ ಮೇಲೆ ಯಾರಾದ್ರೂ ಬಂದ್ರೆ ಕಾಯೋಕೆ ಸೈನಿಕರು ಬೇಕೇ ಬೇಕು' ಅಂತಾರೆ. ಒಂದೇ ಮನೇಲಿ ಎರಡೂ ಥರದವರು ಇರ್ತಾರೆ."

ಕಚ್ಚಿಸಿಕೊಂಡ ಹುಡುಗ ಕೈಯೆತ್ತಿದ. "ಮಿಸ್, ಸೈನಿಕರು ಕೆಟ್ಟವರಾ?"

ಟೀಚರ್ ಬಾಯಿ ತೆರೆಯುವ ಮೊದಲೇ ಗುಂಡಿ ಎದ್ದು ನಿಂತಳು. "ನಮ್ಮ ಮಾಮಂಗೂ ಯುದ್ಧ ಬೇಡ. ದಿನಾ ಎದ್ದ ಕೂಡ್ಲೇ ಬೇಡ ಅನ್ಕೋತಾನೆ. ಆಮೇಲೆ ಲಾರಿ ಓಡಿಸ್ತಾನೆ."

ಹುಡುಗ ಸ್ವಲ್ಪ ಯೋಚಿಸಿದ. "ದೊಡ್ಡ ಲಾರಿನಾ?" ಎಂದ.

ಹಿಂದಿನ ಸಾಲಿನ ಒಂದು ಮಗು, "ನಮ್ಮೂರಿಗೆ ಯುದ್ಧ ಬರತ್ತಾ?" ಎಂದು ಕೇಳಿತು. ಟೀಚರ್ ಆ ಮಗುವಿನ ಹತ್ತಿರ ಹೋಗಿ ಬಗ್ಗಿ ನಿಂತರು.

"ಈಗ ಇಲ್ಲಿ ಯುದ್ಧ ಇಲ್ಲ. ಟೀವಿಲಿ ಕಾಣೋದು ತುಂಬ ದೂರದ್ದು. ಮುಂದೆ ಏನಾಗತ್ತೆ ಅಂತ ಯಾರಿಗೂ ಪೂರ್ತಿ ಗೊತ್ತಿರಲ್ಲ. ಆದ್ರೆ ಯುದ್ಧ ಆಗದ ಹಾಗೆ ನೋಡ್ಕೊಳ್ಳೋಕೆ ತುಂಬ ಜನ ಕೆಲಸ ಮಾಡ್ತಿದ್ದಾರೆ. ನಿಮ್ಮನ್ನ ನೋಡ್ಕೊಳ್ಳೋಕೆ ನಾವೆಲ್ಲ ಇದ್ದೀವಿ. ಹೆದರಿಕೆ ಆದ್ರೆ ಒಳಗೇ ಇಟ್ಕೋಬೇಡಿ, ಬಂದು ಹೇಳಿ."

ಈ ಪಾಠ ಮಾಡಿದ್ದರಿಂದ ಲೋಕದ ಯುದ್ಧ ನಿಂತಿತೆಂದು ನಾವು ಹೇಳುವುದಿಲ್ಲ. ಆದದ್ದು ಇಷ್ಟು. ಕಟ್ಟಡ ಬೀಳಿಸುವ ಆಟ ಕಡಿಮೆಯಾಯಿತು. ಗುಂಡಿ ಮೇಜಿನ ಕೆಳಗೆ ಕೂರುವುದನ್ನು ಬಿಟ್ಟಳು. ಡ್ರೈವರಣ್ಣ ಈಗ ವಾರ್ತೆಯನ್ನು ಡಿಪೋದಲ್ಲೇ ನೋಡಿ ಬರುತ್ತಾನೆ. ಮೆರವಣಿಗೆಗೂ ಹೋಗಿ ಬಂದ. ಅಕ್ಕ ಹೋಗಲಿಲ್ಲ. "ನನ್ನ ಮನಸ್ಸು ಇನ್ನೂ ಅಲ್ಲಿಗೆ ಬಂದಿಲ್ಲ. ಆದ್ರೆ ಪಾಠ ಬೇಕು, ಅದರಲ್ಲಿ ಎರಡು ಮಾತಿಲ್ಲ" ಎನ್ನುತ್ತಾಳೆ.

ಮುಂದಿನ ವಾರ ಇನ್ನೊಂದು ನಡೆಯಿತು. ಶಾಲೆಯ ಅಂಗಳದಲ್ಲಿ ಇರುವುದು ಒಂದೇ ಉಯ್ಯಾಲೆ. ಅದನ್ನು ಐದನೇ ಕ್ಲಾಸಿನವರು ಯಾರಿಗೂ ಬಿಡುತ್ತಿರಲಿಲ್ಲ. ಒಂದು ದಿನ ಎರಡನೇ ಕ್ಲಾಸಿನ ಇಪ್ಪತ್ತಾರು ಮಕ್ಕಳು ಬಂದು ಉಯ್ಯಾಲೆಯ ಸುತ್ತ ಕೂತರು. ತಳ್ಳಲಿಲ್ಲ, ಕೂಗಲಿಲ್ಲ. ಗುಂಡಿ ಮತ್ತು ಅವಳು ಕಚ್ಚಿದ ಹುಡುಗ ಒಂದು ದೊಡ್ಡ ಹಾಳೆಯ ಎರಡು ತುದಿ ಹಿಡಿದಿದ್ದರು. ಅದರ ಮೇಲೆ 'ನಮಗೂ ಸರಧಿ ಕೊಡಿ' ಎಂದಿತ್ತು. ಐದನೆಯವರು ಮೊದಲು ಆ ತಪ್ಪಕ್ಷರ ನೋಡಿ ನಕ್ಕರು. ಆಮೇಲೆ ಉಯ್ಯಾಲೆಯಿಂದ ಇಳಿದರು. ಹೆಡ್‌ಮಾಸ್ಟರು ಅಂದೇ ಯಾವ ಕ್ಲಾಸಿಗೆ ಯಾವ ದಿನ ಎಂದು ಬರೆದು ಗೋಡೆಗೆ ಅಂಟಿಸಿದರು. ಟೀಚರ್ 'ಸರದಿ' ಬರೆಯುವುದು ಹೇಗೆಂದು ಕ್ಲಾಸಿನಲ್ಲಿ ತಿದ್ದಿಸಿದರು.

ಓದುತ್ತಿರುವ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮಗುವಿನ ಶಾಲೆಯಲ್ಲಿ ಇಂಥ ಪಾಠ ಇದೆಯೇ ಎಂದು ಹೋಗಿ ಕೇಳಿ. ಇದ್ದರೆ ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ನಿಮಗೆ ಒಪ್ಪದ ಮಾತಿದ್ದರೆ ಟೀಚರಿಗೆ ಮುಖ ಕೊಟ್ಟು ಹೇಳಿ, ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಪಾಠ ಇಲ್ಲದಿದ್ದರೆ ಬೇಕೆಂದು ಕೇಳಿ. ಚಿಕ್ಕವರ ಕೈಗೆ ಘೋಷಣೆ ಕೊಡುವುದಕ್ಕಿಂತ ಮೊದಲು ಅವರ ಪ್ರಶ್ನೆಗೆ ಉತ್ತರ ಕೊಡಿ.

ಇವತ್ತೇ ನಿಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಯುದ್ಧ ಅಂದ್ರೆ ಏನು ಅನ್ಕೊಂಡಿದ್ದೀಯ?" ಎಂದು ಕೇಳಿ ನೋಡಿ. ಅದು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ.